ಕಾಣಿಕೆ ಅಲ್ಲೇ ಇರಲಿ, ಮೊದಲು ಹೋಗಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಾನು ಒಂದೇ ಒಂದು ವಿಷಯ ಹೇಳುತ್ತೇನೆ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹುಟ್ಟಿ ಬೆಳೆದವರು ಇದನ್ನು ಎಷ್ಟೋ ಸಲ ಕೇಳಿದ್ದೀರಿ. ಕೇಳಿ ಕೇಳಿ ಅಭ್ಯಾಸ ಆಗಿಬಿಟ್ಟಿದೆ, ಅದೇ ತೊಂದರೆ. ಕ್ರೈಸ್ತರಲ್ಲದವರೂ ಕೇಳುತ್ತಿದ್ದೀರಿ. ನಿಮಗೂ ತಿಳಿಯುವ ಹಾಗೆ ಹೇಳುತ್ತೇನೆ.

ಮತ್ತಾಯನ ಸುವಾರ್ತೆ, 5ನೇ ಅಧ್ಯಾಯ, 23 ಮತ್ತು 24ನೇ ವಚನ. ಯೇಸುಸ್ವಾಮಿ ಬೆಟ್ಟದ ಮೇಲೆ ಕೂತು ಜನರಿಗೆ ಬೋಧಿಸುತ್ತಿದ್ದಾರೆ. ಅವರು ಹೇಳುವುದು ಇಷ್ಟು. ನೀನು ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ಬಂದಿದ್ದೀಯ. ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ಅಲ್ಲಿ ನಿನಗೆ ನೆನಪಾಗುತ್ತದೆ. ಕಾಣಿಕೆಯನ್ನು ಅಲ್ಲೇ ಬಿಡು. ಮೊದಲು ಹೋಗು. ಅವನ ಜೊತೆ ಒಂದಾಗು. ಆಮೇಲೆ ಬಂದು ಕಾಣಿಕೆ ಕೊಡು.

ಮೊದಲು ಹೋಗು. ಇವತ್ತಿನ ನನ್ನ ಮಾತು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಈ ಮಾತನ್ನು ಯಾರು ಕೇಳುತ್ತಿದ್ದರು, ಸ್ವಲ್ಪ ಯೋಚಿಸಿ. ಗಲಿಲಾಯದ ಜನ. ಮೀನು ಹಿಡಿಯುವವರು, ಹೊಲ ಉಳುವವರು. ಅವರ ಊರಿನಲ್ಲಿ ಯಜ್ಞವೇದಿ ಇರಲಿಲ್ಲ. ಇದ್ದದ್ದು ಯೆರೂಸಲೇಮಿನ ದೇವಾಲಯದಲ್ಲಿ. ಅಲ್ಲಿಗೆ ನೂರು ಕಿಲೋಮೀಟರಿಗೂ ಜಾಸ್ತಿ. ನಡೆದರೆ ಮೂರು ನಾಲ್ಕು ದಿನದ ದಾರಿ. ಅಷ್ಟು ದೂರ ಬಂದು, ವೇದಿಯ ಮುಂದೆ ನಿಂತು, ಊರಿನಲ್ಲಿರುವ ಅಣ್ಣನ ನೆನಪಾದರೆ ಏನು ಮಾಡಬೇಕು? ವಾಪಸ್ ಊರಿಗೆ ನಡೆಯಬೇಕು. ಅಣ್ಣನ ಜೊತೆ ಮಾತಾಡಬೇಕು. ಮತ್ತೆ ಯೆರೂಸಲೇಮಿಗೆ ಬರಬೇಕು. ವಾರ ಕಳೆದೇ ಹೋಗುತ್ತದೆ. ನಮ್ಮ ಬೆಂಗಳೂರಿನ ಹಡ್ಸನ್ ದೇವಾಲಯದಲ್ಲಿ ಕಾಣಿಕೆ ತಟ್ಟೆ ಮುಂದೆ ಬಂದಾಗ ಎದ್ದು, ಮೈಸೂರಿಗೆ ನಡೆದು ಹೋಗಿ ಬಂದ ಹಾಗೆ. ಅವತ್ತು ಕೇಳಿದವರು ಬೆಚ್ಚಿಬಿದ್ದಿರಬೇಕು. ನಾವು ತಲೆ ಆಡಿಸಿ ಆಮೆನ್ ಅನ್ನುತ್ತೇವೆ, ಪುಟ ತಿರುಗಿಸುತ್ತೇವೆ.

ಇನ್ನೊಂದು ಗಮನಿಸಿ. ನಿನಗೆ ಅವನ ಮೇಲೆ ಕೋಪ ಇದ್ದರೆ ಅಂತ ಯೇಸುಸ್ವಾಮಿ ಹೇಳುತ್ತಿಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಅನ್ನುತ್ತಾರೆ. ನೋವು ಅವನದು, ನಡಿಗೆ ನಿನ್ನದು. ನಮ್ಮ ಜನ ಏನು ಹೇಳುತ್ತಾರೆ? "ಅವರಿಗೇ ಕೋಪ ಇದ್ದರೆ ಅವರೇ ಬರಲಿ ಬಿಡಿ, ನಂದೇನಿದೆ?" ಈ ಮಾತು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಹೇಳಲಾರೆ. ಬೈಬಲ್ ಶೆಲ್ಫಿನ ಮೇಲಿರುತ್ತದೆ, ಅದರ ಕೆಳಗೇ ಕೂತು ಹೇಳುತ್ತಾರೆ.

ಈ ವಚನ ಬರೀ ಓದುವುದಕ್ಕೆ ಇರುವುದಲ್ಲ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಅದನ್ನು ಆರಾಧನೆಯ ಒಳಗೇ ತಂದಿಟ್ಟರು. ಸಿ.ಎಸ್.ಐ. ಅಂತ ನಾವು ಕರೆಯುವ ದಕ್ಷಿಣ ಭಾರತ ಸಭೆ ಶುರುವಾದದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕತೀಡ್ರಲ್‌ನಲ್ಲಿ. ಬೇರೆ ಬೇರೆ ಮಿಷನ್‌ಗಳ ಸಭೆಗಳು ಅವತ್ತು ಒಂದಾದವು. ಬೆಂಗಳೂರಿನಲ್ಲೇ ನೋಡಿ. ಹಡ್ಸನ್ ದೇವಾಲಯ ವೆಸ್ಲಿಯನ್ ಮಿಷನ್ನಿನದು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಲಂಡನ್ ಮಿಷನ್ನಿನದು. ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರದು. ಈಗ ಮೂರೂ ಒಂದೇ ಸಭೆ. ಈ ಹೊಸ ಸಭೆಗೆ 1950ರಲ್ಲಿ ಸಂಸ್ಕಾರದ ಆರಾಧನೆಯ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ತಗೊಳ್ಳುವ ಆರಾಧನೆಯ, ಹೊಸ ಕ್ರಮ ಬಂತು. ಅದರಲ್ಲಿ ಕಾಣಿಕೆಗೆ ಸ್ವಲ್ಪ ಮುಂಚೆ ಸಮಾಧಾನ ಹಂಚುವುದನ್ನು ಇಟ್ಟರು. ಇಂಗ್ಲಿಷರ ಹಳೆಯ ಪ್ರಾರ್ಥನಾ ಪುಸ್ತಕದಲ್ಲಿ ಇದು ಇರಲಿಲ್ಲ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಉಳಿದುಕೊಂಡು ಬಂದಿತ್ತು.

ಕ್ರಮ ಹೀಗಿದೆ. ಅಯ್ಯನವರು, ಅಂದರೆ ಸಭಾಪಾಲಕರು, ವೇದಿಯ ಹತ್ತಿರ ಇರುವವರಿಗೆ ಸಮಾಧಾನ ಕೊಡುತ್ತಾರೆ. ಅವರು ಅದನ್ನು ಕೆಳಗೆ ಜನರ ಹತ್ತಿರ ತರುತ್ತಾರೆ. ಬೆಂಚಿನಿಂದ ಬೆಂಚಿಗೆ, ಕೈಯಿಂದ ಕೈಗೆ ಅದು ಹೋಗುತ್ತದೆ. ಕೊಡುವವರ ಬಲ ಅಂಗೈ ಪಡೆಯುವವರ ಬಲ ಅಂಗೈಗೆ ತಾಗಬೇಕು. ಇಬ್ಬರೂ ಎಡಗೈಯನ್ನು ಮತ್ತೊಬ್ಬರ ಬಲಗೈ ಮೇಲೆ ಮುಚ್ಚಬೇಕು. ಕಥೋಲಿಕರ ಬಲಿಪೂಜೆಯಲ್ಲಿ ಪರಲೋಕ ಪ್ರಾರ್ಥನೆ ಆದ ಮೇಲೆ, ಪರಮಪ್ರಸಾದಕ್ಕೆ ಮುಂಚೆ ಇದೇ ಬರುತ್ತದೆ, ನಮ್ಮ ದೇಶದಲ್ಲಿ ಹೆಚ್ಚಾಗಿ ಕೈ ಮುಗಿದು. ಇದು ಹೊಸದೂ ಅಲ್ಲ. ಎರಡನೇ ಶತಮಾನದ ನಡುವಿನಲ್ಲಿ ರೋಮ್ ನಗರದಲ್ಲಿ ಜಸ್ಟಿನ್ ಮಾರ್ಟಿರ್ ಎಂಬ ಕ್ರೈಸ್ತ ಬೋಧಕರು ತಮ್ಮ ಸಭೆಯ ಆರಾಧನೆ ಹೇಗೆ ನಡೆಯುತ್ತದೆ ಅಂತ ಬರೆದಿಟ್ಟಿದ್ದಾರೆ. ಪ್ರಾರ್ಥನೆ ಮುಗಿದ ಮೇಲೆ ಒಬ್ಬರಿಗೊಬ್ಬರು ಮುದ್ದಿಟ್ಟು ವಂದಿಸುತ್ತಿದ್ದರು, ಆಮೇಲೆ ರೊಟ್ಟಿ ಮತ್ತು ದ್ರಾಕ್ಷಾರಸ ತರುತ್ತಿದ್ದರು. ಅದಕ್ಕೂ ಹಳೆಯದು ಅಂತ ಬಹಳ ಪಂಡಿತರು ಒಪ್ಪುವ ಡಿಡಾಕೆ ಎಂಬ ಸಣ್ಣ ಪುಸ್ತಕ ಇನ್ನೂ ಖಂಡಿತವಾಗಿ ಹೇಳುತ್ತದೆ. ಜೊತೆಗಾರನ ಜೊತೆ ಜಗಳ ಇರುವವನು ರಾಜಿಯಾಗುವ ತನಕ ಕೂಟಕ್ಕೆ ಸೇರುವುದು ಬೇಡ.

ಈಗ ನಾವೇನು ಮಾಡಿದ್ದೇವೆ? ಪಕ್ಕದವರಿಗೆ ಕೈ ಕೊಡುತ್ತೇವೆ. ಪಕ್ಕದಲ್ಲಿ ಕೂತವರು ಯಾರು? ಹೆಂಡತಿ, ಅತ್ತಿಗೆ, ಮಕ್ಕಳು. ಯಾರ ಜೊತೆ ಮಾತು ಬಿಟ್ಟಿದ್ದೇವೋ ಅವರು ಆಚೆ ಸಾಲಿನಲ್ಲಿ, ಮೂರು ಬೆಂಚು ಹಿಂದೆ. ಆ ಕಡೆ ತಿರುಗುವುದೇ ಇಲ್ಲ. ಕೋವಿಡ್ ಬಂದ ಮೇಲಂತೂ ಎಷ್ಟೋ ಕಡೆ ಸುಮ್ನೆ ತಲೆ ಬಾಗಿಸಿ ಮುಗಿಸುತ್ತಾರೆ.

ಇಲ್ಲಿ ನಿಮಗೆ ಒಂದು ಘಟನೆ ಹೇಳಬೇಕು. ಹೆಸರು ಬೇಡ, ಸಭೆಯ ಹೆಸರೂ ಬೇಡ. ಪೇಟೆ ಕಡೆಯ ಒಂದು ಕನ್ನಡ ಸಭೆ. ಆಗ ನಾನು ಅಲ್ಲಿ ಸಭಾಪಾಲಕ.

ನಮ್ಮ ಸಭೆಗಳಲ್ಲಿ ಸುಗ್ಗಿ ಹಬ್ಬ ಅಂದರೆ ದೊಡ್ಡ ಸಂಭ್ರಮ. ಜನ ರಾಗಿ, ಅವರೆಕಾಯಿ, ಕುಂಬಳಕಾಯಿ, ತೆಂಗಿನಕಾಯಿ, ಮನೆಯಲ್ಲಿ ಮಾಡಿದ ಕೇಕು, ಕಾಲು ಕಟ್ಟಿದ ನಾಟಿ ಕೋಳಿ, ಎಲ್ಲ ತರುತ್ತಾರೆ. ಆರಾಧನೆ ಆದ ಮೇಲೆ ಕಾಂಪೌಂಡಿನಲ್ಲಿ ಹರಾಜು. ಒಂದು ಕುಂಬಳಕಾಯಿ ಸಾವಿರ ರೂಪಾಯಿಗೆ ಹೋಗುತ್ತದೆ. ಕೂಗಿದವರಲ್ಲಿ ಕೆಲವರು "ಆಮೇಲೆ ಕೊಡ್ತೀನಿ" ಅಂತ ಕಾಯಿ ಎತ್ತಿಕೊಂಡು ಮನೆಗೆ ಹೋಗುತ್ತಾರೆ. ಲೆಕ್ಕ ಇಡುವವರ ಪಾಡು ದೇವರಿಗೇ ಗೊತ್ತು.

ಆ ಸಭೆಯ ಸ್ತ್ರೀಯರ ಕೂಟಕ್ಕೆ ಒಬ್ಬ ಹೆಣ್ಣುಮಗಳು ಖಜಾಂಚಿ. ಬ್ಲೌಸ್ ಹೊಲಿದು ಸಂಸಾರ ನಡೆಸುತ್ತಿದ್ದರು. ಲೆಕ್ಕವನ್ನು ಶಾಲೆ ಮಕ್ಕಳ ನೋಟ್ ಪುಸ್ತಕದಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಬಟ್ಟೆ ಅಳತೆ ಬರೆಯುವ ಅದೇ ಪೆನ್ಸಿಲ್. ಆ ವರ್ಷ ಹರಾಜಿನ ಲೆಕ್ಕದಲ್ಲಿ ಎಂಟು ನೂರು ರೂಪಾಯಿ ಕಡಿಮೆ ಬಂತು. ಕೂಟದಲ್ಲಿ ಒಬ್ಬರು ಟೀಚರ್ ಇದ್ದರು, ನಿವೃತ್ತರು, ಎಲ್ಲರಿಗೂ ಅವರೆಂದರೆ ಗೌರವ. ಅವರು ಆ ಪುಸ್ತಕ ತಗೊಂಡು, ಕನ್ನಡಕ ಏರಿಸಿ, ಒಂದೊಂದೇ ಪುಟ ತಿರುಗಿಸಿದರು. ಕೊನೆಗೆ ಎಲ್ಲರ ಮುಂದೆ, "ಪೆನ್ಸಿಲಲ್ಲಿ ಬರೆದರೆ ಅಳಿಸೋದು ಸುಲಭ ಅಲ್ವಾ" ಅಂದರು.

ಅಷ್ಟೇ. ಬೈಗುಳ ಇಲ್ಲ, ಜಗಳ ಇಲ್ಲ. ಖಜಾಂಚಿ ಪುಸ್ತಕ ವಾಪಸ್ ಇಸಿದುಕೊಂಡು ಮನೆಗೆ ಹೋದರು. ಎಂಟು ನೂರು ರೂಪಾಯಿ ತಮ್ಮ ಕೈಯಿಂದ ತುಂಬಿದರು. ಆಮೇಲೆ ಇಬ್ಬರ ನಡುವೆ ಮಾತಿಲ್ಲ. ವರ್ಷಗಳು ಕಳೆದವು. ಇಬ್ಬರೂ ಆರಾಧನೆಗೆ ಬರುತ್ತಿದ್ದರು, ಇಬ್ಬರೂ ಸಂಸ್ಕಾರ ತಗೊಳ್ಳುತ್ತಿದ್ದರು. ಸಮಾಧಾನ ಹಂಚುವಾಗ ಇಬ್ಬರೂ ನಗುನಗುತ್ತಾ ಅಕ್ಕಪಕ್ಕದವರಿಗೆ ಕೈ ಕೊಡುತ್ತಿದ್ದರು. ವೇದಿಯ ಹತ್ತಿರ ನಿಂತವರಿಗೆ ಎಲ್ಲ ಕಾಣುತ್ತದೆ. ಆಮೇಲೆ ಖಜಾಂಚಿಯವರು ಕೆಂಗೇರಿಗೆ ಮನೆ ಬದಲಾಯಿಸಿದರು. ಬರುವುದು ಅಪರೂಪವಾಯಿತು.

ಒಂದು ಭಾನುವಾರ ಮತ್ತಾಯನ ಈ ಭಾಗ ಓದಿದರು. ಸಮಾಧಾನ ಹಂಚಿದ್ದಾಯಿತು. ಕಾಣಿಕೆಯ ಕೀರ್ತನೆ ಶುರುವಾಯಿತು. ಟೀಚರ್ ಎದ್ದು ನಿಂತರು. ಕಾಣಿಕೆ ಕವರನ್ನು ಬೆಂಚಿನ ಮೇಲೆ ಇಟ್ಟರು. ಫ್ಯಾನಿನ ಗಾಳಿಗೆ ಹಾರದಿರಲಿ ಅಂತ ಅದರ ಮೇಲೆ ಕೀರ್ತನೆ ಪುಸ್ತಕ ಇಟ್ಟರು. ಬ್ಯಾಗ್ ತಗೊಂಡು ಹೊರಗೆ ನಡೆದುಬಿಟ್ಟರು. ಹುಷಾರಿಲ್ಲವೇನೋ ಅಂತ ಜನ ತಿರುಗಿ ನೋಡಿದರು. ಕಾಣಿಕೆ ಎತ್ತುವ ಹುಡುಗ ಆ ಬೆಂಚಿನ ಹತ್ತಿರ ಬಂದು, ಕವರ್ ತಗೊಳ್ಳಲಾ ಬೇಡವಾ ಅಂತ ನನ್ನ ಕಡೆ ನೋಡಿದ. ನನಗೆ ಅರ್ಥವಾಗಿತ್ತು. ಬೇಡ ಅಂತ ಕೈಸನ್ನೆ ಮಾಡಿದೆ.

ಟೀಚರ್ ಮಾರ್ಕೆಟ್ಟಿನ ತನಕ ನಡೆದು, ಕೆಂಗೇರಿ ಬಸ್ಸು ಹತ್ತಿದರು. ಮನೆ ಗೊತ್ತಿರಲಿಲ್ಲ. ಚರ್ಚಿಗೆ ಹೋಗುವ ಬ್ಲೌಸ್ ಹೊಲಿಯುವವರ ಮನೆ ಯಾವುದು ಅಂತ ಅಡ್ಡರಸ್ತೆ ಅಡ್ಡರಸ್ತೆ ಕೇಳಿಕೊಂಡು ಹೋದರು. ಬಾಗಿಲು ತೆಗೆದ ಆ ಹೆಣ್ಣುಮಗಳ ಕತ್ತಿನಲ್ಲಿ ಅಳತೆ ಟೇಪು ಹಾಗೇ ಇತ್ತಂತೆ.

"ಏನು ಟೀಚರ್, ಇವತ್ತು ಆರಾಧನೆಗೆ ಹೋಗಲಿಲ್ವಾ?"

"ಹೋಗಿದ್ದೆ. ಕಾಣಿಕೆ ಬೆಂಚಿನ ಮೇಲಿದೆ. ಮೊದಲು ನಿನ್ನ ಹತ್ತಿರ ಬರಬೇಕಾಗಿತ್ತು, ಬಂದೆ. ಅವತ್ತು ಪೆನ್ಸಿಲ್ ಅಂತ ಅಂದೆನಲ್ಲ, ಅದು ಆಡಬಾರದ ಮಾತು ಕಣಮ್ಮ. ತಪ್ಪಾಯ್ತು."

ಆಕೆ ತುಂಬ ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತಿದ್ದರಂತೆ. ಆಮೇಲೆ, "ಬಿಸಿಲಲ್ಲಿ ಬಂದಿದ್ದೀರಿ, ಒಳಗೆ ಬನ್ನಿ, ಊಟ ಮಾಡಿಕೊಂಡೇ ಹೋಗಿ" ಅಂದರು. ಮುದ್ದೆ, ಉಪ್ಸಾರು. ಊಟ ಆದ ಮೇಲೆ ಅಷ್ಟು ವರ್ಷದ ಕೋಪ ಹೊರಗೆ ಬಂತು. ಆ ಎಂಟು ನೂರಕ್ಕೆ ಸಾಲ ಮಾಡಿದ್ದರು. ಮಗಳಿಗೆ ಸಂಡೇ ಸ್ಕೂಲಿನಲ್ಲಿ ಬೇರೆ ಮಕ್ಕಳು ಚುಚ್ಚುಮಾತು ಹೇಳಿದ್ದರು. ಟೀಚರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡರು, ಎದುರು ಮಾತಾಡಲಿಲ್ಲ. ಮುಂದಿನ ಸಂಸ್ಕಾರದ ಭಾನುವಾರ ಖಜಾಂಚಿಯವರು ಬಂದರು. ಸಮಾಧಾನ ಹಂಚುವಾಗ ಟೀಚರ್ ತಮ್ಮ ಬೆಂಚು ಬಿಟ್ಟು, ನಡುವಿನ ದಾರಿ ದಾಟಿ, ಆ ಕಡೆ ಹೋದರು. ನಾನು ಎತ್ತಿಟ್ಟಿದ್ದ ಆ ಹಳೆಯ ಕವರ್ ಅವತ್ತು ತಟ್ಟೆಗೆ ಬಿತ್ತು.

ಎಂಟು ನೂರು ರೂಪಾಯಿ ಎಲ್ಲಿ ಹೋಗಿತ್ತು? ಇವತ್ತಿಗೂ ಯಾರಿಗೂ ಗೊತ್ತಿಲ್ಲ. ನಮ್ಮ ಜನ ಲೆಕ್ಕ ಮೊದಲು ಸರಿಹೋಗಲಿ, ಮಾತು ಆಮೇಲೆ ಅನ್ನುತ್ತಾರೆ. ಲೆಕ್ಕಕ್ಕೆ ಕಾದಿದ್ದರೆ ಆ ಇಬ್ಬರೂ ಇನ್ನೂ ಕಾಯುತ್ತಲೇ ಇರುತ್ತಿದ್ದರು. ಮೊದಲು ಹೋಗಿ.

ಯಾಕೆ ಹೀಗೆ? ಇಲ್ಲಿಯೇ ನಮ್ಮ ನಂಬಿಕೆಯ ಬೇರು ಇದೆ. ದೇವರು ನಮ್ಮ ಹತ್ತಿರ ಬಂದದ್ದು ಹೀಗೇ. ನಾವು ಸರಿಹೋದ ಮೇಲೆ ಬರೋಣ ಅಂತ ದೇವರು ಕಾಯಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ಸಭೆಯ ಮೊದಲ ಕಾಲದ ಬೋಧಕ ಪೌಲ ಹೇಳುತ್ತಾನೆ, ನಾವಿನ್ನೂ ವೈರಿಗಳಾಗಿದ್ದಾಗಲೇ ಕ್ರಿಸ್ತನ ಮರಣದ ಮೂಲಕ ದೇವರ ಜೊತೆ ನಮಗೆ ಸಮಾಧಾನ ಆಯಿತು ಅಂತ. ತಪ್ಪು ನಮ್ಮದು, ನಡೆದು ಬಂದವರು ದೇವರು. ಹಾಗೆ ಬಂದ ದೇವರನ್ನು ಆರಾಧಿಸಿ, ನಾನು ಮಾತ್ರ ಹೋಗಲ್ಲ ಅನ್ನುವುದು ಹೇಗೆ ಸರಿ, ನೀವೇ ಹೇಳಿ. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಪೌಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಈ ಸಮಾಧಾನ ಮಾಡಿಸುವ ಕೆಲಸವನ್ನೇ ದೇವರು ನಮ್ಮ ಕೈಗೆ ಕೊಟ್ಟಿದ್ದಾರೆ ಅನ್ನುತ್ತಾನೆ. ಅಯ್ಯನವರ ಕೈಗೆ ಮಾತ್ರ ಕೊಟ್ಟದ್ದಲ್ಲ, ನಮ್ಮೆಲ್ಲರಿಗೂ.

ಸಮಯ ಓಡುತ್ತಿದೆ, ಇನ್ನೆರಡು ಮಾತು ಬೇಗ ಹೇಳುತ್ತೇನೆ.

ಮತ್ತಾಯ 18ನೇ ಅಧ್ಯಾಯ. ಸಹೋದರ ನಿನಗೆ ತಪ್ಪು ಮಾಡಿದರೆ ಅವನೊಬ್ಬನೇ ಇರುವಾಗ ಹೋಗಿ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಮೊದಲು ವಾಟ್ಸಾಪ್ ಗ್ರೂಪಿಗೆ, ಆಮೇಲೆ ಕಮಿಟಿಗೆ. ಆ ಮನುಷ್ಯನಿಗೆ ಮಾತ್ರ ನೇರವಾಗಿ ಹೇಳುವುದೇ ಇಲ್ಲ. ಸಭೆಯ ಚುನಾವಣೆ ಬಂದಾಗಂತೂ ಕೇಳಲೇಬೇಡಿ.

ಎರಡನೆಯದು. ಹೆಣ್ಣುಮಕ್ಕಳು ಗಮನವಿಟ್ಟು ಕೇಳಿ. ಮೊದಲು ಹೋಗು ಅನ್ನುವ ಮಾತು ನೋಯಿಸಿದವರಿಗೆ ಹೇಳಿದ್ದು. ಹೊಡೆದ ಗಂಡನ ಮನೆಗೆ ನೀನೇ ಹೋಗು, ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಂತ ಯಾರಾದರೂ ಈ ವಚನ ತೋರಿಸಿದರೆ ಒಪ್ಪಬೇಡಿ. ಆ ವಚನದಲ್ಲಿ ಎದ್ದು ನಡೆಯಬೇಕಾದವನು ಅವನು. ಇದನ್ನು ಸಭಾಪಾಲಕರೂ ದಯವಿಟ್ಟು ತಿಳಿದುಕೊಳ್ಳಬೇಕು.

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ. "ಅಯ್ಯನವರೇ, ನಾನು ಹೋದೆ, ಅವರು ಬಾಗಿಲೇ ತೆಗೆಯಲಿಲ್ಲ, ಏನು ಮಾಡಲಿ?" ಪೌಲ ರೋಮಾಪುರದವರಿಗೆ 12ನೇ ಅಧ್ಯಾಯದಲ್ಲಿ ಉತ್ತರ ಕೊಟ್ಟಿದ್ದಾನೆ. ನಿಮ್ಮಿಂದ ಆಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನವಾಗಿರಿ. ನಿಮ್ಮಿಂದ ಆಗುವುದು ಹೋಗುವುದು. ಬಾಗಿಲು ತೆಗೆಯುವುದು ಅವರ ಕೈಯಲ್ಲಿದೆ. ವಾಪಸ್ ಬನ್ನಿ, ಕಾಣಿಕೆ ಕೊಡಿ, ಸಂಸ್ಕಾರ ತಗೊಳ್ಳಿ. ಕ್ರಿಸ್‌ಮಸ್‌ಗೆ ಕೇಕು ಹಂಚುವಾಗ ಆ ಮನೆಯನ್ನು ಬಿಡಬೇಡಿ, ಮತ್ತೆ ಹೋಗಿ ಕರೆಗಂಟೆ ಒತ್ತಿ. ನಾಳಿದ್ದು ಭಾನುವಾರ. ಇವತ್ತು ಸಂಜೆ ನಿಮಗೆ ಬಿಡುವಿದ್ದರೆ ಯಾರ ಮನೆಗೆ ಹೋಗಬೇಕು ಅಂತ ನಿಮಗೆ ಈಗಾಗಲೇ ಗೊತ್ತಿದೆ. ನಮಸ್ಕಾರ.