ಬೃಂದಾವನದಲ್ಲಿ ಕಾರಂಜಿ ಎಲ್ಲಿ?

[ದೃಶ್ಯ: ಶಿರಸಿಯಿಂದ ಸೋಂದಾ ದಾರಿ, ಎರಡೂ ಕಡೆ ಅಡಿಕೆ ತೋಟ]

ಅಕ್ಕನ ಮಗ ಮೈಸೂರಲ್ಲಿ ಬೆಳೆದವನು. ರಜೆಗೆ ಶಿರಸಿಗೆ ಬಂದಿದ್ದ. "ಬಾರೋ, ಸೋಂದಾಕ್ಕೆ ಹೋಗಿ ಬೃಂದಾವನ ನೋಡ್ಕೊಂಡು ಬರೋಣ" ಅಂದೆ. ಮಠದ ಬಾಗಿಲು ದಾಟಿದ್ದೇ ತಡ, "ಮಾಮಾ, ಕಾರಂಜಿ ಎಲ್ಲಿ?" ಅಂದ. ನಕ್ಕುಬಿಟ್ಟೆ. ಆದ್ರೆ ತಪ್ಪು ಹುಡುಗನದಲ್ಲ, ಪದದ್ದು.

ನಮಸ್ಕಾರ. ಇವತ್ತು ಅದೊಂದೇ ಪದ.

ವೃಂದಾ ಅಂದ್ರೆ ತುಳಸಿ. ಜಲಂಧರನ ಹೆಂಡತಿ ವೃಂದೆ ತುಳಸಿಯಾದ ಪುರಾಣದ ಕಥೆ ಅಜ್ಜಿಯಿಂದ ಕೇಳಿರ್ತೀರಿ. ವೃಂದಾವನ ಅಂದ್ರೆ ತುಳಸಿಯ ಬನ. ವಸತಿ ಬಸದಿಯಾದ ಹಾಗೆ ವೃಂದಾ ನಮ್ಮ ಬಾಯಲ್ಲಿ ಬೃಂದಾ ಆಯ್ತು. ಕೊನೆಯ 'ವನ' ಮಾತ್ರ ಹೇಗೋ ಬಚಾವಾಯ್ತು!

ಆದ್ರೆ ಮಠದಲ್ಲಿ ಬೃಂದಾವನ ಅಂದ್ರೆ ಸ್ವಾಮಿಗಳ ಸಮಾಧಿ. ಸರಿ, ತುಳಸಿಯ ಬನದಲ್ಲಿ ಹೂಳುವ ಮಾತೆಲ್ಲಿ ಬಂತು?

[ದೃಶ್ಯ: ಕಲ್ಲಿನ ಬೃಂದಾವನ, ಹತ್ತಿರದಿಂದ]

ಸನ್ಯಾಸಿಗೆ ಚಿತೆ ಇಲ್ಲ. ಸನ್ಯಾಸ ತಗೊಳ್ಳುವಾಗಲೇ ವಿರಜಾಹೋಮ ಮಾಡಿ ಅಗ್ನಿಕಾರ್ಯಕ್ಕೆ ಕೈಮುಗಿದಿರ್ತಾರೆ. ಹಾಗಾಗಿ ದೇಹವನ್ನು ಪದ್ಮಾಸನದಲ್ಲಿ ಕೂರಿಸಿ, ಸುತ್ತ ಉಪ್ಪು, ಕರ್ಪೂರ ತುಂಬಿ ಮಣ್ಣಲ್ಲಿ ಇಡ್ತಾರೆ. ಮಾಧ್ವ ಮಠಗಳಲ್ಲಿ ಅದರ ಮೇಲೆ ಚೌಕದ ಕಲ್ಲುಕಟ್ಟೆ, ಅದರ ನೆತ್ತಿಯಲ್ಲಿ ತುಳಸಿಗೆ ಜಾಗ. ನೋಡಿ, ಹೆಸರು ಬಂದದ್ದು ಕೆಳಗೆ ಕೂತವರಿಂದಲ್ಲ, ಮೇಲಿನ ಗಿಡದಿಂದ.

"ಸ್ವಾಮಿಗಳನ್ನ ಹೂತರು" ಅಂತ ಯಾರ ಬಾಯಲ್ಲೂ ಬರೋದಿಲ್ಲ. "ಬೃಂದಾವನಸ್ಥರಾದರು" ಅಂತಾರೆ. ಸಮಾಧಿ ಅನ್ನೋದೂ ಇಂಥದೇ ಪದ, ಮೊದಲು ಅದು ಮನಸ್ಸನ್ನು ಒಂದೆಡೆ ನಿಲ್ಲಿಸೋದಕ್ಕೆ ಇದ್ದ ಹೆಸರು. ಲಿಂಗಾಯತರ ಗದ್ದುಗೆ ಅಂದ್ರೆ ಕೂರುವ ಪೀಠ. ನೇರವಾಗಿ ಮಾತಾಡೋದು ಗೋರಿ ಒಂದೇ. ಪರ್ಷಿಯನ್‌ನ 'ಗೋರ್' ಅಂದ್ರೆ ಹೂತ ಜಾಗ, ಅಷ್ಟೇ. ನಮ್ಮ ನಿಮ್ಮಂಥವರಿಗೋ, "ಮಣ್ಣು ಮಾಡಿದ್ರು" ಅಂದ್ರೆ ಮುಗೀತು.

ಸೋಂದಾದಲ್ಲಿರೋದು ಮಾಧ್ವ ಯತಿ ವಾದಿರಾಜರ ಬೃಂದಾವನ. 1480ರಲ್ಲಿ ಹುಟ್ಟಿ, 1600ರಲ್ಲಿ ಬೃಂದಾವನ ಪ್ರವೇಶ ಮಾಡಿದರು ಅನ್ನೋದು ಸಂಪ್ರದಾಯದ ಲೆಕ್ಕ, 120 ವರ್ಷ! ಅಲ್ಲಿ ಇರೋದು ಒಂದಲ್ಲ, ಐದು. ನಡುವಿನದು ಅವರದು, ಸುತ್ತ ನಾಲ್ಕು. ಪಂಚ ವೃಂದಾವನ ಅಂತ ಕರೀತಾರೆ.

ನನಗೆ ಮಜಾ ಅನ್ಸೋದು ಮೃತ್ತಿಕಾ ಬೃಂದಾವನ. ಮಂತ್ರಾಲಯದಿಂದ ಒಂದಿಷ್ಟು ಮೃತ್ತಿಕೆ, ಅಂದ್ರೆ ಮಣ್ಣು, ತಂದು ಊರೂರಲ್ಲಿ ರಾಯರ ಬೃಂದಾವನ ಕಟ್ಟಿದ್ದಾರೆ. ಅಲ್ಲಿ ದೇಹವಿಲ್ಲ, ಮಣ್ಣಷ್ಟೇ ಇದೆ. ಹೂಳೋದನ್ನೂ ಪದ ಹಿಂದೆ ಬಿಟ್ಟು ಬಂತು. ಕನ್ನಂಬಾಡಿ ಕಟ್ಟೆಯ ಕೆಳಗಿನ ಉದ್ಯಾನಕ್ಕೆ ಬರೋ ಹೊತ್ತಿಗೆ ತುಳಸಿಯನ್ನೂ ಬಿಟ್ಟು, ದೀಪ ಹಾಕ್ಕೊಂಡು ಕುಣಿಯೋಕೆ ಶುರುಮಾಡ್ತು.

[ದೃಶ್ಯ: ಮನೆಯಂಗಳ, ಸಗಣಿ ಸಾರಿಸಿದ ನೆಲ, ತುಳಸಿಕಟ್ಟೆ]

ಸಂಜೆ ಮನೆಗೆ ಬಂದ್ವಿ. ಅಮ್ಮ ತುಳಸಿಕಟ್ಟೆಗೆ ದೀಪ ಇಡ್ತಿದ್ದಳು. ಅದಕ್ಕೂ ಬೃಂದಾವನ ಅನ್ನೋ ಹೆಸರಿದೆ ಅಂತ ಹುಡುಗನಿಗೆ ಹೇಳಿದ್ದೇ ತಪ್ಪಾಯ್ತು. ಎರಡು ಹೆಜ್ಜೆ ಹಿಂದೆ ಸರಿದು ಕೇಳಿದ, "ಇದರೊಳಗೆ ಯಾರಿದ್ದಾರೆ?"

ಅಮ್ಮ ಒಣಗಿದ ಕಡ್ಡಿ ಮುರಿದು ಎಸೆಯುತ್ತಾ ಅಂದಳು, "ಯಾರೂ ಇಲ್ಲೆ ತಮಾ, ಎರೆಹುಳ ಇದ್ದು ಅಷ್ಟೆ."