ಗಾಡಿ ಬುಕ್ ಮಾಡುವ ಮೊದಲು

ಕೇಳುಗರಿಗೆಲ್ಲ ನಮಸ್ಕಾರ.

ಹೋದ ತಿಂಗಳು ಒಂದು ಸಂಜೆ ನೀರ್ಚಾಲಿನ ಭಾವ ಫೋನ್ ಮಾಡಿದರು. ವ್ಯಾನ್ ಮಾರುವ ಶೋರೂಮಿನಲ್ಲಿ ಕೂತಿದ್ದರು. ಒಂದು ವ್ಯಾನ್ ತಗೊಂಡು, ಅದರೊಳಗೆ ಹಾಸಿಗೆ, ಅಡಿಗೆ ಕಟ್ಟೆ, ನೀರಿನ ಟ್ಯಾಂಕು ಎಲ್ಲ ಕೂರಿಸಿ ಊರೂರು ತಿರುಗಬೇಕು ಅನ್ನುವುದು ಅವರ ಬಹಳ ದಿನದ ಆಸೆ. ಕ್ಯಾಂಪರ್ ವ್ಯಾನ್ ಅಂತಾರಲ್ಲ, ಅದು. “ಇಲ್ಲಿ ಒಂದು ಉದ್ದದ ಪಟ್ಟಿ ಕೊಟ್ಟಿದ್ದಾರೆ ಮಾರಾಯ. ಗಾಡಿ ಎಷ್ಟು ಉದ್ದ, ಸೀಟು ಎಷ್ಟು, ಕಿಟಕಿ ಬೇಕಾ, ಹಿಂದೆ ಏಸಿ ಬೇಕಾ... ಯಾವುದಕ್ಕೆ ಹೂಂ ಅನ್ನಲಿ?” ಅಂತ ಕೇಳಿದರು.

“ಇವತ್ತು ಯಾವುದಕ್ಕೂ ಹೂಂ ಅನ್ನಬೇಡಿ ಭಾವ. ಮೊದಲು ಮನೆಗೆ ಬನ್ನಿ” ಅಂದೆ.

ಹಾಗೆ ಅಂದದ್ದಕ್ಕೆ ಕಾರಣ ಇದೆ. ಹನ್ನೆರಡು ವರ್ಷದ ಹಿಂದೆ ನಮ್ಮ ಮೊದಲ ವ್ಯಾನ್ ತಗೊಳ್ಳುವಾಗ ನಾನು ಪೆಟ್ಟು ತಿಂದದ್ದು ಇಂಥದ್ದೇ ಪಟ್ಟಿಯ ಎದುರು. ಹಿಂದೆ ಕಿಟಕಿ ಇಲ್ಲದ ಮಾದರಿ ಸ್ವಲ್ಪ ಕಡಿಮೆಗೆ ಸಿಗುತ್ತಿತ್ತು. ಬೇಕಾದಲ್ಲಿ ಆಮೇಲೆ ಕತ್ತರಿಸಿ ಕೂರಿಸಿದರಾಯ್ತು ಅಂತ ಅದನ್ನೇ ತಗೊಂಡೆ. ಒಂದು ವರ್ಕ್‌ಶಾಪಿನಲ್ಲಿ ಹಾಸಿಗೆಯ ಪಕ್ಕಕ್ಕೆ ಚಂದದ ಕಿಟಕಿ ಇಟ್ಟುಕೊಟ್ಟರು. ರಬ್ಬರ್ ಒತ್ತಿ, ಅಂಟು ಬಳಿದು, ಮೇಲಿಂದ ಕೊಡಪಾನದಲ್ಲಿ ನೀರು ಹೊಯ್ದು ತೋರಿಸಿದರು. ಒಂದು ಹನಿ ಒಳಗೆ ಬರಲಿಲ್ಲ. ಮಳೆಗಾಲ ಕಳೆಯಿತು. ದೀಪಾವಳಿ ಹೊತ್ತಿಗೆ ಗಾಡಿ ತೊಳೆಯುವಾಗ ನೋಡುತ್ತೇನೆ, ಕಿಟಕಿಯ ಕೆಳಗಿನ ಮೂಲೆಯಿಂದ ಕಂದು ಬಣ್ಣದ ಒಂದು ಗೆರೆ ಬಿಳಿ ಬಾಡಿಯ ಮೇಲೆ ಇಳಿದಿದೆ. ಉಜ್ಜಿದರೂ ಹೋಗಲಿಲ್ಲ. ರಬ್ಬರಿನ ಅಂಚನ್ನು ಉಗುರಲ್ಲಿ ಎತ್ತಿದೆ. ಅಡಿಯಲ್ಲಿ ಪೈಂಟು ಗುಳ್ಳೆ ಎದ್ದಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಒಳಗಿನ ತಗಡು ಪದರ ಪದರವಾಗಿ ಏಳುತ್ತಿತ್ತು. ಒಂದೇ ಮಳೆಗಾಲಕ್ಕೆ!

ಯಾಕೆ ಹೀಗಾಯಿತು ಅಂತ ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಕಾರ್ಖಾನೆಯಲ್ಲಿ ಬಾಡಿಯ ಬೆಸುಗೆ ಮುಗಿದ ಮೇಲೆ ಇಡೀ ಬಾಡಿಯನ್ನೇ ಪ್ರೈಮರ್, ಅಂದರೆ ತುಕ್ಕು ತಡೆಯುವ ಅಡಿಬಣ್ಣ, ತುಂಬಿದ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಸಂದು, ಮೂಲೆ, ತೂತಿನ ಅಂಚು, ಎಲ್ಲ ಕಡೆಗೂ ಪ್ರೈಮರ್ ಹೋಗಿ ಕೂರುತ್ತದೆ. ಕಂಪನಿ ಬಿಟ್ಟ ಕಿಟಕಿಯ ಅಂಚಿಗೂ ಆ ರಕ್ಷಣೆ ಇದೆ. ನಾವು ಆಮೇಲೆ ಗ್ರೈಂಡರಿನಲ್ಲಿ ಕತ್ತರಿಸಿದ ಅಂಚು ಬರೀ ತಗಡು. ಬ್ರಷ್ಷಿನಲ್ಲಿ ಎಷ್ಟು ಬಳಿದರೂ ತೊಟ್ಟಿಯ ಪ್ರೈಮರಿಗೆ ಸಮ ಆಗುವುದಿಲ್ಲ. ಅದರ ಮೇಲೆ ನಮ್ಮದು ಕಾಸರಗೋಡು. ಒಂದು ಕಡೆ ಕಡಲ ಉಪ್ಪು ಗಾಳಿ, ಇನ್ನೊಂದು ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿದ ಮಳೆ. ತುಕ್ಕಿಗೆ ಬೇರೇನು ಬೇಕು?

ಹಾಗಾಗಿ ಭಾವನಿಗೆ ಹೇಳಿದೆ, ಪಟ್ಟಿಯಲ್ಲಿರುವ ಒಂದೊಂದಕ್ಕೂ ಒಂದೇ ಪ್ರಶ್ನೆ ಕೇಳಿ. ಇದನ್ನು ಆಮೇಲೆ ಮಾಡಿಸಲು ಆಗುತ್ತದಾ? ಆಗುವುದಿಲ್ಲ ಅಂತಾದರೆ ಖರ್ಚು ಜಾಸ್ತಿ ಆದರೂ ಕಂಪನಿಯಿಂದಲೇ ತರಿಸಿ. ಆಗುತ್ತದೆ ಅಂತಾದರೆ ಈಗ ಬೇಡ, ನಮ್ಮ ಆಚಾರಿಗೆ ಬಿಡಿ.

ಈ ‘ಆಗುವುದಿಲ್ಲ’ ಅನ್ನುವುದರಲ್ಲಿ ತಗಡಿನ ಮಾತು ಅರ್ಧ, ಕಾನೂನಿನ ಮಾತು ಇನ್ನರ್ಧ. ಮೊದಲ ಸಲ ನನಗೆ ಅದು ಗೊತ್ತೇ ಇರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಆ ಕೇಸು ಹೋದದ್ದು ನಮ್ಮ ಕೇರಳದಿಂದಲೇ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಬಂತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಹೆದರಿಸಲು ಹೇಳುತ್ತಿಲ್ಲ. ದಾರಿಯೂ ಇದೆ. ನೋಂದಣಿಯಲ್ಲಿ ಕ್ಯಾಂಪರ್ ವ್ಯಾನ್, ಮೋಟಾರ್ ಕ್ಯಾರವಾನ್ ಅಂತ ಬೇರೆ ವರ್ಗಗಳೇ ಇವೆ. ಮೋಟಾರ್ ಕ್ಯಾರವಾನಿಗೆ ಎಐಎಸ್ 124 ಅನ್ನುವ ಮಾನದಂಡ ಇದೆ. ಕೇರಳ ಸರ್ಕಾರ 2021ರಲ್ಲಿ ‘ಕೇರವಾನ್ ಕೇರಳ’ ಅಂತ ಪ್ರವಾಸದ ಯೋಜನೆಯನ್ನೂ ತಂದಿತು. ಆದರೆ ನಿಮ್ಮ ಗಾಡಿ ಯಾವ ವರ್ಗಕ್ಕೆ ಸೇರುತ್ತದೆ, ಯಾವ ಕಾಗದ ಬೇಕು ಅಂತ ಅಡ್ವಾನ್ಸ್ ಕೊಡುವ ಮೊದಲೇ ಆರ್‌ಟಿಓ ಆಫೀಸಿಗೆ ಹೋಗಿ ಕೇಳಿ. ಕೆಎಲ್ 14 ಆದರೆ ಕಾಸರಗೋಡು, ಕೆಎಲ್ 60 ಆದರೆ ಕಾಞಂಗಾಡು, ಕೆಎಲ್ 79 ಆದರೆ ವೆಳ್ಳರಿಕುಂಡು. ಅರ್ಧ ದಿನ ಹೋಗಬಹುದು. ಹೋಗಲಿ.

ಮುಖ್ಯವಾಗಿ, ಅಗ್ಗ ಅಂತ ಗೂಡ್ಸ್ ವ್ಯಾನ್ ತಗೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಸಾಮಾನು ಸಾಗಿಸಲು ನೋಂದಣಿಯಾದ ಗಾಡಿಯ ಹಿಂದುಗಡೆ ಜನ ಕೂರುವ ಹಾಗಿಲ್ಲ. ಸಂಸಾರ ಸಮೇತ ಹೋಗುವ ಗಾಡಿಗೆ ಅದು ಸರಿ ಬರುವುದಿಲ್ಲ, ಅಲ್ವಾ?

ಮುಂದಿನ ಆದಿತ್ಯವಾರ ಭಾವ, ಅಕ್ಕ, ಅತ್ತೆ ಮೂವರೂ ಬಂದರು. ಅಡಿಕೆ ಒಣಗಿಸುವ ಅಂಗಳ ಖಾಲಿ ಇತ್ತು. ಮೈಲುತುತ್ತಿಗೆ ಬೆರೆಸಲು ತಂದ ಸುಣ್ಣ ಮನೆಯಲ್ಲಿತ್ತು. ಅಳತೆ ಟೇಪು ಹಿಡಿದು, ಸುಣ್ಣದಲ್ಲಿ ಅಂಗಳದ ಮೇಲೆ ವ್ಯಾನಿನ ಚಿತ್ರ ಎಳೆದೆವು, ನಿಜವಾದ ಗಾತ್ರಕ್ಕೇ. ಮೊದಲು ಟಾಟಾ ವಿಂಗರ್. ಅದರ ಹೊರ ಅಗಲ 1,905 ಮಿಲಿಮೀಟರ್, ಅಂದರೆ 6 ಅಡಿ 3 ಇಂಚು. ಭಾವನಿಗೆ ಖುಷಿಯಾಯಿತು. ಅವರ ಎತ್ತರ 5 ಅಡಿ 9 ಇಂಚು. ಅಡ್ಡಕ್ಕೆ ಹಾಸಿಗೆ ಹಾಕಿದರೆ ಜಾಗ ಉಳಿಯುತ್ತದೆ ಅಂದರು. ನಾನು ಎರಡೂ ಬದಿಯಿಂದ ಗೋಡೆಯ ದಪ್ಪ ಕಳೆದೆ. ಬಿಸಿ ತಡೆಯುವ ಹಾಳೆ ಹಾಕಬೇಕು, ಅದರ ಮೇಲೆ ಪ್ಲೈವುಡ್ ಬರಬೇಕು, ಅದನ್ನೂ ಕಳೆದೆ. ಒಳಗೆ ಇನ್ನೊಂದು ಗೆರೆ ಎಳೆದು ಚಾಪೆ ಹಾಸಿದೆವು. ಭಾವ ಮಲಗಿದರು. ತಲೆ ಒಂದು ಗೆರೆಗೆ ತಾಗಿತು, ಪಾದ ಎರಡೂ ಇನ್ನೊಂದು ಗೆರೆಯ ಆಚೆ. ಹಿಮ್ಮಡಿಗೆಲ್ಲ ಸುಣ್ಣ.

ಅಡ್ಡಕ್ಕೆ ಆಗದಿದ್ದರೆ ಉದ್ದಕ್ಕೆ. ಹಾಸಿಗೆಗೆ 6 ಅಡಿ, ಅಡಿಗೆ ಕಟ್ಟೆಗೆ 3, ನಡುವೆ ಅತ್ತೆಯ ಸೀಟಿಗೆ 3. ಡ್ರೈವರ್ ಸೀಟಿನ ಹಿಂದೆಯೇ 12 ಅಡಿ ಬೇಕು. ವೀಲ್‌ಬೇಸ್ ಎಷ್ಟು ಇರಬೇಕು ಅಂತ ತೀರ್ಮಾನ ಆಗುವುದು ಇಲ್ಲಿ. ವೀಲ್‌ಬೇಸ್ ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ಉದ್ದ. ಫೋರ್ಸ್ ಟ್ರಾವೆಲರಿನ ಹೆಸರಿನ ಜೊತೆ 3050, 3350, 4020 ಅಂತ ಬರುವ ಅಂಕೆ ಇದೇ, ಮಿಲಿಮೀಟರಿನಲ್ಲಿ. ಅದೇ ಕಂಪನಿಯ ಅರ್ಬಾನಿಯಾ ವ್ಯಾನಿನಲ್ಲಿ ಅದು 3350, 3615, 4400. ಒಮ್ಮೆ ತಗೊಂಡರೆ ಇದನ್ನು ಯಾರೂ ಬದಲಾಯಿಸಿಕೊಡಲಾರರು.

ಹಾಗಾದರೆ ಎಲ್ಲಕ್ಕಿಂತ ಉದ್ದದ್ದೇ ಇರಲಿ ಅಂದರು ಅಕ್ಕ. ಅಲ್ಲಿಯೂ ಸ್ವಲ್ಪ ನಿಲ್ಲಬೇಕು. ವೀಲ್‌ಬೇಸ್ ಹೆಚ್ಚಾದಷ್ಟೂ ಗಾಡಿ ತಿರುಗಲು ಜಾಗ ಹೆಚ್ಚು ಬೇಕು. ಪಾಣತ್ತೂರಿನಿಂದ ಭಾಗಮಂಡಲಕ್ಕೆ ಹತ್ತುವ ದಾರಿಯನ್ನು ನೆನಪು ಮಾಡಿಕೊಳ್ಳಿ. ಅಷ್ಟು ದೂರ ಯಾಕೆ, ಭಾವನ ಮನೆಗೆ ಹೋಗುವ ದಾರಿಯೇ ಇದೆ. ಎರಡೂ ಬದಿಗೆ ಮುರಕಲ್ಲಿನ ಪಾಗಾರ, ನಡುವೆ ಒಂದು ಕೊಕ್ಕೆ ತಿರುವು. ಅದೇ ದಿನ ಸಂಜೆ ಅಲ್ಲಿಗೆ ಹೋಗಿ ಹಗ್ಗ ಹಿಡಿದು ಅಳೆದೆವು. 4400 ಅಲ್ಲಿ ತಿರುಗುವುದಿಲ್ಲ. ಮನೆ ಅಂಗಳಕ್ಕೇ ಬಾರದ ಗಾಡಿಯನ್ನು ತಗೊಂಡು ಏನು ಮಾಡುವುದು? ನಡುವಿನ ಅಳತೆಗೆ ಬಂದೆವು. ಅಡಿಗೆ ಕಟ್ಟೆಯನ್ನು ಅರ್ಧ ಅಡಿ ಕಡಿಮೆ ಮಾಡಲು ಅಕ್ಕ ಒಪ್ಪಿದರು. ಹಾಸಿಗೆಯ ಕಾಲಿನ ಕಡೆಯನ್ನು ಆ ಕಟ್ಟೆಯ ಕೆಳಗೆ ತೂರಿಸಿದೆವು.

ಎತ್ತರದ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಒಳಗೆ ನೆಟ್ಟಗೆ ನಿಲ್ಲಲು ಆಗಬೇಕು. ಬಗ್ಗಿಕೊಂಡು ದೋಸೆ ಹೊಯ್ಯುವುದು ಒಂದು ದಿನಕ್ಕೆ ಸರಿ. ಮಳೆಗಾಲದಲ್ಲಿ ಮೂರು ದಿನ ಒಳಗೇ ಕೂತರೆ ಸೊಂಟ ಹೋಗುತ್ತದೆ.

ಇನ್ನೊಂದು, ಗಾಡಿಯನ್ನು ಯಾವ ಚಕ್ರ ಎಳೆಯುತ್ತದೆ ಅನ್ನುವುದು. ವಿಂಗರಿನಲ್ಲಿ ಮುಂದಿನ ಚಕ್ರ. ಅದರಿಂದ ನೆಲ ತಗ್ಗಾಗಿರುತ್ತದೆ, ವಯಸ್ಸಾದವರಿಗೆ ಹತ್ತಲು ಸುಲಭ. ಟ್ರಾವೆಲರ್, ಅರ್ಬಾನಿಯಾ ಎರಡರಲ್ಲೂ ಹಿಂದಿನ ಚಕ್ರ. ಹಾಸಿಗೆ, ನೀರು, ಬ್ಯಾಟರಿ ಎಲ್ಲ ಹಿಂದೆ ಕೂರಿಸಿದ ಮೇಲೆ ಒದ್ದೆ ಕೆಂಪು ಮಣ್ಣಿನ ಏರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ. ಆಗ ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ, ಮುಂದಿನದ್ದು ಜಾರುತ್ತದೆ. ಹೈವೇ 66ರಲ್ಲಿ ಮಾತ್ರ ಓಡುವವರಿಗೆ ಇದು ಲೆಕ್ಕಕ್ಕಿಲ್ಲ. ತೋಟದ ದಾರಿಯವರಿಗೆ ಇದೆ.

ಈಗ ಸೀಟು. ನನ್ನ ಮಟ್ಟಿಗೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅತ್ತೆಗೆ 78 ವರ್ಷ. “ನನಗೆ ಒಂದು ಬೆಂಚು ಮಾಡಿಸಿದರೆ ಸಾಕು, ಮೆತ್ತನೆಯ ದಿಂಬು ಹಾಕಿ” ಅಂದರು ಅವರು. ಆಚಾರಿ ಎಷ್ಟೇ ಚಂದದ ಬೆಂಚು ಮಾಡಲಿ, ಬೆಲ್ಟನ್ನು ಎಲ್ಲಿಗೆ ಕಟ್ಟುತ್ತೀರಿ? ಪ್ಲೈವುಡ್ಡಿಗೆ ಸ್ಕ್ರೂ ಹಾಕಿ ಕಟ್ಟಿದ ಬೆಲ್ಟು ಗಟ್ಟಿ ಬ್ರೇಕು ಬಿದ್ದರೆ ಬೆಂಚಿನ ಸಮೇತ ಕಿತ್ತು ಬರುತ್ತದೆ. ಕಂಪನಿಯ ಸೀಟು ಗಾಡಿಯ ನೆಲದ ಉಕ್ಕಿಗೆ ಬೋಲ್ಟಾಗಿರುತ್ತದೆ. ಎಳೆತ ಎಷ್ಟು ತಡೆಯುತ್ತದೆ ಅಂತ ಪರೀಕ್ಷೆಯೂ ಆಗಿರುತ್ತದೆ. ಹಾಗಾಗಿ ಗಾಡಿ ಓಡುವಾಗ ಎಷ್ಟು ಜನ ಕೂರುತ್ತೀರೋ ಅಷ್ಟು ಸೀಟನ್ನು ಬೆಲ್ಟಿನ ಸಮೇತ ಕಂಪನಿಯಿಂದಲೇ ತಗೊಳ್ಳಿ. ಅದಕ್ಕಿಂತ ಜಾಸ್ತಿ ಬೇಡ. ಸುಮ್ನೆ ಹದಿನೇಳು ಸೀಟಿನ ಗಾಡಿ ತಗೊಂಡು ಮನೆಗೆ ಬಂದು ಹನ್ನೆರಡನ್ನು ಬಿಚ್ಚಿದರೆ, ಆರ್‌ಸಿಯಲ್ಲಿರುವ ಸೀಟಿನ ಲೆಕ್ಕಕ್ಕೂ ಗಾಡಿಗೂ ತಾಳೆ ಆಗುವುದಿಲ್ಲ. ಮತ್ತೆ 52ನೇ ಸೆಕ್ಷನ್.

ಏರ್‌ಬ್ಯಾಗ್, ಗಟ್ಟಿ ಬ್ರೇಕು ಹಾಕಿದಾಗ ಚಕ್ರ ಬಿಗಿದು ಜಾರದ ಹಾಗೆ ನೋಡುವ ಎಬಿಎಸ್, ಏರಿನಲ್ಲಿ ಗಾಡಿ ಹಿಂದೆ ಜಾರದ ಹಾಗೆ ಹಿಡಿಯುವ ವ್ಯವಸ್ಥೆ, ಇವೆಲ್ಲ ಇದೇ ಸಾಲಿಗೆ ಸೇರಿದವು. ಯಾವ ಮೆಕ್ಯಾನಿಕ್ಕೂ ಆಮೇಲೆ ಹಾಕಿಕೊಡಲಾರ. ಯೋಚಿಸದೆ ತಗೊಳ್ಳಿ.

ಡ್ರೈವರ್ ಸೀಟಿನ ಹಿಂದೆ ತಗಡಿನ ಅಡ್ಡಗೋಡೆ ಇರುವ ಮಾದರಿ ಬೇಡ. ಆಟಿ ತಿಂಗಳ ಮಳೆಯಲ್ಲಿ ರಾತ್ರಿ ಗಾಡಿ ನಿಲ್ಲಿಸಿ, ಕೆಳಗಿಳಿಯದೆ ನೇರ ಹಾಸಿಗೆಗೆ ಹೋಗಲು ಆಗಬೇಕು. ಯೂರೋಪಿನಲ್ಲಿ ಮುಂದಿನ ಸೀಟನ್ನೇ ಹಿಂದಕ್ಕೆ ತಿರುಗಿಸಿ ಒಳಗಿನ ಕುರ್ಚಿ ಮಾಡಿಕೊಳ್ಳುತ್ತಾರೆ. ಅದಕ್ಕಾಗಿ ಎಡಗಡೆಗೆ ಇಬ್ಬರ ಜೋಡಿ ಸೀಟಿನ ಬದಲು ಒಂಟಿ ಸೀಟು ಕೇಳಿ ಪಡೆಯುತ್ತಾರೆ, ಜೋಡಿ ಸೀಟು ತಿರುಗುವುದಿಲ್ಲವಲ್ಲ. ಅಯ್ಯೋ, ಎಡಗಡೆ ಅಂದೆ, ಅಲ್ಲಿ ಹೆಚ್ಚಿನ ದೇಶಗಳಲ್ಲಿ ಅದು ಬಲಗಡೆ.

ಹಿಂದಿನ ಏಸಿಯ ಬಗ್ಗೆ ಭಾವನ ಜೊತೆ ಒಂದು ಗಂಟೆ ಮಾತಾಯಿತು. ಕಂಪನಿಯ ಏಸಿ ನಡೆಯುವುದು ಎಂಜಿನ್ ಓಡುವಾಗ ಮಾತ್ರ. ರಾತ್ರಿ ಬೇಕಲದ ಹತ್ತಿರ ನಿಲ್ಲಿಸಿ ಮಲಗಿದರೆ ಅದು ಇಲ್ಲ. ಎಂಜಿನ್ ಓಡಿಸಿಟ್ಟು ಮಲಗುವ ಯೋಚನೆಯನ್ನು ದಯವಿಟ್ಟು ಯಾರೂ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಮತ್ತೆ ಎಷ್ಟೋ ಗಾಡಿಗಳಲ್ಲಿ ಹಿಂದಿನ ಏಸಿ ಕೂರುವುದು ಮಾಡಿನ ಮೇಲೆ. ಸೋಲಾರ್ ಹಲಗೆಗೂ ಅದೇ ಜಾಗ ಬೇಕು. ಆದರೂ ಏಪ್ರಿಲ್ ಮಧ್ಯಾಹ್ನ ಅತ್ತೆಯನ್ನು ಕೂರಿಸಿಕೊಂಡು ಹೋಗುವಾಗ ಏಸಿ ಬೇಕೇ ಬೇಕು. ಎಂಜಿನ್ನಿಗೆ ಕಂಪ್ರೆಸರ್ ಸೇರಿಸುವುದು ಆಮೇಲಿನ ಕೆಲಸ ಅಲ್ಲ. ಹಾಗಾಗಿ ತಗೊಳ್ಳುವುದು ಅಂತ ನಿರ್ಧಾರ ಮಾಡಿದೆವು. ರಾತ್ರಿಗೆ 12 ವೋಲ್ಟಿನ ಫ್ಯಾನು. 100 ಆಂಪಿಯರ್-ಅವರ್ ಸಾಮರ್ಥ್ಯದ ಒಂದು ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್ ಅವರ್ ಶಕ್ತಿ ಇರುತ್ತದೆ. 25 ವ್ಯಾಟಿನ ಎರಡು ಫ್ಯಾನು ರಾತ್ರಿಯಿಡೀ ತಿರುಗಿದರೂ ಅರ್ಧ ಖಾಲಿ ಆಗುವುದಿಲ್ಲ.

ಹೊರದೇಶದಲ್ಲಿ ಫೋರ್ಡ್ ಟ್ರಾನ್ಸಿಟ್‌ನಂಥ ವ್ಯಾನಿಗೆ ಎರಡು ಬ್ಯಾಟರಿ, ಎಂಜಿನ್ ಓಡುವಾಗ ಕರೆಂಟು ಮಾಡಿಕೊಡುವ ದೊಡ್ಡ ಆಲ್ಟರ್ನೇಟರ್ ಎಲ್ಲ ಕಂಪನಿಯಿಂದಲೇ ಸಿಗುತ್ತದೆ. ನಿಮ್ಮ ಪಟ್ಟಿಯಲ್ಲಿ ಅಂಥದ್ದು ಕಂಡರೆ ಬಿಡಬೇಡಿ. ಇಲ್ಲದಿದ್ದರೆ ಬೇರೆ ಬ್ಯಾಟರಿ, ಅದಕ್ಕೆ ಸರಿಯಾದ ಚಾರ್ಜರ್. ಕಂಪನಿಯ ವಯರನ್ನು ಸುಲಿದು ನಡುವಿನಿಂದ ಕರೆಂಟು ತೆಗೆಯಬೇಡಿ. ಈಗಿನ ಗಾಡಿಯಲ್ಲಿ ಎಲ್ಲವೂ ಸೆನ್ಸರಿಗೆ ಕಟ್ಟಿಕೊಂಡಿದೆ, ವಾರಂಟಿಯೂ ಹೋಗುತ್ತದೆ.

ಬಣ್ಣ ಬಿಳಿಯೇ ಇರಲಿ, ಒಳಗೆ ಬಿಸಿ ಕಡಿಮೆ. ಮ್ಯೂಸಿಕ್ ಸಿಸ್ಟಮ್, ಅಲಾಯ್ ಚಕ್ರ, ಸೀಟ್ ಕವರ್, ನೆಲದ ಕಾರ್ಪೆಟ್, ಇವು ಯಾವುದೂ ಬೇಡ. ಕಾರ್ಪೆಟ್ ಅಂತೂ ನಮ್ಮ ಊರಿನಲ್ಲಿ ಬೂಸ್ಟು ಹಿಡಿಯುವುದಕ್ಕೇ ಇರುವುದು.

ಭಾರದ ಲೆಕ್ಕ ಒಂದು ಹೇಳಲೇಬೇಕು. ಶೋರೂಮಿನ ಕಾಗದದಲ್ಲಿ ಗಾಡಿಯ ಒಟ್ಟು ಭಾರ ಎಷ್ಟಿರಬಹುದು ಅಂತ ಇರುತ್ತದೆ, ಖಾಲಿ ಗಾಡಿಯ ಭಾರವೂ ಇರುತ್ತದೆ. ಒಂದರಿಂದ ಒಂದನ್ನು ಕಳೆದರೆ ಉಳಿಯುವುದಷ್ಟೇ ನಿಮ್ಮ ಪಾಲು. 100 ಲೀಟರ್ ನೀರು ಅಂದರೆ 100 ಕೆಜಿ. 8 ಅಡಿ 4 ಅಡಿಯ, 18 ಮಿಲಿಮೀಟರ್ ದಪ್ಪದ ಒಂದು ಪ್ಲೈವುಡ್ ಹಲಗೆ ಸುಮಾರು 30 ಕೆಜಿ. ಅಂಥ ಹತ್ತು ಹಲಗೆ ಹೋದರೆ 300. ಆಮೇಲೆ ಜನ. ನಾವು ಅಕ್ಕನ ಕುಕ್ಕರನ್ನೂ ತೂಗಿ ಬರೆದುಕೊಂಡೆವು.

ಮೊನ್ನೆ ಭಾವ ಬುಕ್ ಮಾಡಿ ಬಂದರು. ಸಂಜೆ ಅಂಗಳದಲ್ಲಿ ಸುಣ್ಣದ ಗೆರೆ ಇನ್ನೂ ಇತ್ತು. ಅತ್ತೆ ಒಂದು ಕುರ್ಚಿ ತರಿಸಿ, ಅವರ ಸೀಟು ಅಂತ ಗುರುತು ಮಾಡಿದ ಜಾಗದಲ್ಲಿ ಇಟ್ಟು ಕೂತರು. ಎಡಕ್ಕೆ ತಿರುಗಿ ನೋಡಿದರು. “ಇಲ್ಲಿ ಕಿಟಕಿ ಇದೆ ತಾನೇ?” ಅಂತ ಕೇಳಿದರು. ಇದೆ ಅತ್ತೆ, ಕಂಪನಿಯದ್ದೇ ಅಂದೆ.

ನಮಸ್ಕಾರ.