ಒಂದು ಟರ್ನಿಪ್ಪಿಗೆ ಒಂದು ಶಿಲಿಂಗ್

ಕೇಳುಗರಿಗೆ ನಮಸ್ಕಾರ.

ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟ ಅಂದ ಕೂಡಲೇ ನೆನಪಿಗೆ ಬರುವುದು 1916ರ ಈಸ್ಟರ್ ದಂಗೆ, ಡಬ್ಲಿನ್ನಿನ ದೊಡ್ಡ ಅಂಚೆ ಕಚೇರಿ, ಮೈಕೆಲ್ ಕಾಲಿನ್ಸ್, ಪಿಸ್ತೂಲು. ಇವತ್ತೊಂದು ದಿನ ದಯವಿಟ್ಟು ಪಿಸ್ತೂಲನ್ನು ಪಕ್ಕಕ್ಕಿಡೋಣ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆಳುವವರ ಕೆಲಸ ನಡೆಸಿಕೊಡುವವರು ಜನ. ಅವರು ಕೈಬಿಟ್ಟರೆ ಆಳ್ವಿಕೆ ನಿಂತಲ್ಲೇ ನಿಲ್ಲುತ್ತದೆ.

ಇದನ್ನು ನೋಡಬೇಕಾದರೆ ಡಬ್ಲಿನ್ ಬಿಟ್ಟು ಪಶ್ಚಿಮಕ್ಕೆ, ಮೇಯೋ ಜಿಲ್ಲೆಯ ಬಾಲಿನ್‌ರೋಬ್ ಎಂಬ ಸಣ್ಣ ಪೇಟೆಯ ಹತ್ತಿರಕ್ಕೆ ಬರಬೇಕು. ವರ್ಷ 1880. ಜಮೀನು ಲಾರ್ಡ್ ಅರ್ನ್ ಎಂಬ ಜಮೀನ್ದಾರನದು, ಉಳುವವರು ಗೇಣಿದಾರರು. ಗೇಣಿ ವಸೂಲಿಗೆ ಒಬ್ಬ ಪಾರುಪತ್ಯಗಾರ, ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ಹೌದು, ನಾವೆಲ್ಲ ಬಳಸುವ 'ಬಾಯ್ಕಾಟ್' ಈ ಮನುಷ್ಯನ ಹೆಸರೇ.

ಹಿಂದಿನ ವರ್ಷ ಬೆಳೆ ಕೈಕೊಟ್ಟಿತ್ತು. ಗೇಣಿಯಲ್ಲಿ ನೂರಕ್ಕೆ 25 ಇಳಿಸಿ ಎಂದು ರೈತರು ಕೇಳಿದರು. ಜಮೀನ್ದಾರ 10 ಇಳಿಸುತ್ತೇನೆ ಎಂದ. ರೈತರು ಒಪ್ಪಲಿಲ್ಲ. ಬಾಯ್ಕಾಟ್ ಒಕ್ಕಲೆಬ್ಬಿಸುವ ನೋಟೀಸು ತಂದ. ಸೆಪ್ಟೆಂಬರ್ 22ರಂದು ನೋಟೀಸು ಹಿಡಿದು ಹೊರಟ ಅಮೀನನ ಮೇಲೆ ಊರ ಹೆಂಗಸರು ಕೆಸರು, ಸೆಗಣಿ ಎರಚಿ ಓಡಿಸಿದರು.

ಅದಕ್ಕೆ ಮೂರು ದಿನ ಮೊದಲು ಎನಿಸ್ ಎಂಬ ಊರಿನ ಸಭೆಯಲ್ಲಿ ಐರಿಷ್ ನಾಯಕ ಚಾರ್ಲ್ಸ್ ಪಾರ್ನೆಲ್ ಒಂದು ಪ್ರಶ್ನೆ ಕೇಳಿದ್ದರು. ಒಕ್ಕಲೆಬ್ಬಿಸಿದ ರೈತನ ಹೊಲವನ್ನು ಇನ್ನೊಬ್ಬ ಹಿಡಿದರೆ ಅವನಿಗೇನು ಮಾಡುತ್ತೀರಿ? ಗುಂಪಿನಿಂದ 'ಗುಂಡು ಹೊಡೀರಿ' ಎಂಬ ಕೂಗು. ಪಾರ್ನೆಲ್ ಅದಕ್ಕಿಂತ ಒಳ್ಳೆಯ ದಾರಿ ಹೇಳಿಕೊಟ್ಟರು. ದಾರಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ಕೊನೆಗೆ ಚರ್ಚಿನಲ್ಲೂ ಅವನನ್ನು ಮಾತಾಡಿಸಬೇಡಿ.

ಪಾರ್ನೆಲ್ ಹೇಳಿದ್ದು ಹೊಲ ಹಿಡಿದವನಿಗೆ. ಬಾಲಿನ್‌ರೋಬ್‌ನವರು ಅದನ್ನೇ ಪಾರುಪತ್ಯಗಾರನಿಗೆ ಹಚ್ಚಿದರು. ಹೊಲದ ಆಳುಗಳು, ಕುದುರೆ ಲಾಯದವರು, ಮನೆಗೆಲಸದವರು ಎದ್ದು ಹೋದರು. ಕಮ್ಮಾರ ಲಾಳ ಕಟ್ಟಲಿಲ್ಲ. ಬಟ್ಟೆ ಒಗೆಯುವವಳು ಬರಲಿಲ್ಲ. ಪೇಟೆಯ ಅಂಗಡಿಯವರು ಸಾಮಾನು ಕೊಡಲಿಲ್ಲ. ಟಪಾಲು ತರುವ ಹುಡುಗನೂ ಇಲ್ಲ. ಹೊಲದಲ್ಲಿ ಆಲೂಗಡ್ಡೆ, ಟರ್ನಿಪ್ಪು ಮಣ್ಣಲ್ಲೇ ಕೂತಿವೆ, ಕೀಳುವ ಕೈಯಿಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ಇಂಥದ್ದು ಹಾಳಾಗುವುದು ಮೊದಲ ಒಬ್ಬ ಜಾರಿದಾಗ. ಒಬ್ಬ ಅಂಗಡಿಯವನು ಹಿತ್ತಲ ಬಾಗಿಲಿಂದ ಬ್ರೆಡ್ಡು ಕೊಟ್ಟರೆ ಮುಗಿಯಿತು. ಅದಕ್ಕೇ ಲ್ಯಾಂಡ್ ಲೀಗ್ ಅನ್ನುವ ರೈತ ಸಂಘ ಬೇಕಿತ್ತು, ಊರಿನ ಪಾದ್ರಿಯ ಬೆಂಬಲವೂ ಬೇಕಿತ್ತು. ಬೆದರಿಕೆ ಇರಲಿಲ್ಲ ಎಂದೇನಲ್ಲ, ಇತ್ತು.

ಬಾಯ್ಕಾಟ್ ಲಂಡನ್ನಿನ ಪತ್ರಿಕೆಗೆ ಅಳಲು ಬರೆದ. ಕನಿಕರಪಟ್ಟವರು ಉತ್ತರದ ಕ್ಯಾವನ್, ಮೊನಹನ್ ಜಿಲ್ಲೆಗಳಿಂದ 50 ಜನ ಕೂಲಿಯವರನ್ನು ಹೊಂದಿಸಿದರು. ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು, ಪೊಲೀಸರು! ರೈಲಿಳಿದ ಕೂಲಿಯವರಿಗೆ ಊರಿನ ಯಾವ ಗಾಡಿಯವನೂ ಗಾಡಿ ಕೊಡಲಿಲ್ಲ, ಮಳೆಯಲ್ಲಿ ನಡೆದೇ ಹೋದರು. ಎರಡು ವಾರ ಬೆಳೆ ಕಿತ್ತರು. ಬೆಳೆಯ ಬೆಲೆ ಸುಮಾರು 500 ಪೌಂಡು. ಕಾಯಲು ತಗುಲಿದ ಖರ್ಚು 10,000 ಪೌಂಡು ಎಂದು ಲೆಕ್ಕ ಹಾಕುತ್ತಾರೆ. ಸರ್ಕಾರಕ್ಕೆ ಒಂದು ಟರ್ನಿಪ್ಪಿಗೆ ಒಂದು ಶಿಲಿಂಗ್ ಬಿತ್ತು ಎಂದು ಪಾರ್ನೆಲ್ ನಕ್ಕರು. ನವೆಂಬರ್ ಕೊನೆಗೆ ಬಾಯ್ಕಾಟ್ ಹೆಂಡತಿಯೊಡನೆ ಊರು ಬಿಟ್ಟ. ಬಾಡಿಗೆ ಗಾಡಿ ಸಿಗದೆ ಸೈನ್ಯದ ಆಂಬುಲೆನ್ಸ್ ಗಾಡಿಯಲ್ಲಿ ಹೋದ.

ನೋಡಿ, ಸಾವಿರ ಬಂದೂಕು ಬಂದವು. ಬಂದೂಕಿನಿಂದ ಲಾಳ ಕಟ್ಟಿಸಲು ಆಗಲಿಲ್ಲ.

ಈ ಕಥೆಯಲ್ಲೇ ಅರ್ಧಕ್ಕಿಂತ ಹೆಚ್ಚು ಸಮಯ ಹೋಯಿತು. ಮುಂದಿನದನ್ನು ಓಡಿಸುತ್ತೇನೆ. ಐರ್ಲೆಂಡಿಗೆ ಸ್ವಂತ ಆಡಳಿತ ಕೊಡುವ ಹೋಂ ರೂಲ್ ಮಸೂದೆ 1886ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯಲ್ಲಿ ಬಿತ್ತು, 1893ರಲ್ಲಿ ಮೇಲ್ಮನೆಯಲ್ಲಿ ಬಿತ್ತು. 1914ರಲ್ಲಿ ಕಾನೂನಾಯಿತು, ಯುದ್ಧ ಬಂತೆಂದು ಅಟ್ಟಕ್ಕೆ ಹೋಯಿತು. ಮೂವತ್ತು ವರ್ಷ ಪಾರ್ಲಿಮೆಂಟಿನ ಬಾಗಿಲು ಕಾದಿದ್ದಕ್ಕೆ ಸಿಕ್ಕಿದ್ದು ಇಷ್ಟು. ಆಮೇಲೆ 1916. ಡಬ್ಲಿನ್ ಹೊತ್ತಿ ಉರಿಯುತ್ತಿದ್ದ ಅದೇ ಏಪ್ರಿಲ್ ವಾರದಲ್ಲಿ ನಮ್ಮ ಬೆಳಗಾವಿಯಲ್ಲಿ ತಿಲಕರು ತಮ್ಮ ಹೋಂ ರೂಲ್ ಲೀಗ್ ಸ್ಥಾಪಿಸಿದರು. ಹೆಸರು ಐರ್ಲೆಂಡಿನಿಂದಲೇ ಬಂದದ್ದು.

1918ರ ಡಿಸೆಂಬರಿನ ಬ್ರಿಟಿಷ್ ಪಾರ್ಲಿಮೆಂಟ್ ಚುನಾವಣೆಯಲ್ಲಿ, ಪೂರ್ಣ ಸ್ವಾತಂತ್ರ್ಯ ಕೇಳುತ್ತಿದ್ದ ಸಿನ್ ಫೇನ್ ಪಕ್ಷ ಐರ್ಲೆಂಡಿನ 105ರಲ್ಲಿ 73 ಸ್ಥಾನ ಗೆದ್ದಿತು. ಗೆದ್ದವರು ಲಂಡನ್ನಿಗೆ ಹೋಗಲೇ ಇಲ್ಲ. 1919ರ ಜನವರಿ 21ರಂದು ಡಬ್ಲಿನ್ನಿನಲ್ಲಿ ಡಾಲ್ ಎಂಬ ತಮ್ಮದೇ ಸಭೆ ಕೂಡಿಸಿದರು. ಹಲವರು ಜೈಲಿನಲ್ಲಿದ್ದರಿಂದ ಹಾಜರಿದ್ದವರು 27 ಮಂದಿ. ಕೆಲಸ ಮಾಡಿಕೊಡುವುದನ್ನು ನಿಲ್ಲಿಸುವುದು ಅರ್ಧ. ಅದೇ ಕೆಲಸವನ್ನು ತಾವೇ ನಡೆಸುವುದು ಉಳಿದರ್ಧ. ಅದಕ್ಕೆ ಅವರು ಕಟ್ಟಿದ್ದು ಕೋರ್ಟು.

ಊರ ಮಟ್ಟದ ಕೋರ್ಟಿಗೆ ಮೂವರು ನ್ಯಾಯಾಧೀಶರು, 10 ಪೌಂಡಿನವರೆಗಿನ ವ್ಯಾಜ್ಯ. ಅದರ ಮೇಲೆ ಜಿಲ್ಲಾ ಕೋರ್ಟು, ಐವರು, 100 ಪೌಂಡಿನವರೆಗೆ. ಹೆಂಗಸರೂ ನ್ಯಾಯಾಧೀಶರಾಗಬಹುದಿತ್ತು. ಬ್ರಿಟನ್ನಿನಲ್ಲಿ ಅಚ್ಚಾದ ಕಾನೂನು ಪುಸ್ತಕ ಉದ್ಧರಿಸುವಂತಿಲ್ಲ. ಹಳೆಯ ಐರಿಷ್ ಬ್ರೆಹನ್ ಕಾನೂನನ್ನಾದರೂ, ರೋಮನ್ ಕಾನೂನನ್ನಾದರೂ ಹೇಳಬಹುದು. 1920ರ ಬೇಸಿಗೆಯಲ್ಲಿ ಬ್ರಿಟಿಷ್ ಕೋರ್ಟುಗಳು ಹಲವೆಡೆ ಖಾಲಿ ಕುಳಿತವು. ಜ್ಯೂರಿಯವರೂ ಬರಲಿಲ್ಲ, ಕಕ್ಷಿದಾರರೂ ಬರಲಿಲ್ಲ. ಆಮೇಲೆ ಸೈನ್ಯದ ದಾಳಿ ಜೋರಾಯಿತು, ಕೋರ್ಟು ಗುಟ್ಟಾಗಿ ಕೊಟ್ಟಿಗೆಗಳಲ್ಲಿ ಕೂತಿತು.

ಶುರುವಿನಲ್ಲೇ ಒಂದು ತೊಡಕು ಬಂದಿತ್ತು, ಅದೂ ನಮ್ಮ ಬಾಲಿನ್‌ರೋಬ್‌ನಲ್ಲಿ. 1920ರ ಮೇ ತಿಂಗಳು. ಜಮೀನಿನ ವ್ಯಾಜ್ಯದಲ್ಲಿ ತೀರ್ಪು ಹೊಲ ಕೇಳಿದವರ ವಿರುದ್ಧ ಹೋಯಿತು. ಅವರು 'ಆಗಲ್ಲ' ಎಂದರು. ಕೋರ್ಟು ಇದೆ, ಜೈಲಿಲ್ಲ! ಸ್ವಾತಂತ್ರ್ಯ ಹೋರಾಟದ ಸ್ವಯಂಸೇವಕ ಪಡೆಯವರು ಅವರಲ್ಲಿ ಕೆಲವರನ್ನು ಹಿಡಿದು, ದೋಣಿಯಲ್ಲಿ ಕೂರಿಸಿ, ಲಾಕ್ ಕೊರಿಬ್ ಸರೋವರದ ನಡುಗಡ್ಡೆಯೊಂದರಲ್ಲಿ ಬಿಟ್ಟು ಬಂದರು. ಕೊನೆಗೆ ತೀರ್ಪಿಗೆ ತಲೆಬಾಗಿದ ಮೇಲೆಯೇ ದಡಕ್ಕೆ ಕರೆತಂದರು.

1921ರ ಡಿಸೆಂಬರ್ 6ರಂದು ಬ್ರಿಟನ್ನಿನೊಡನೆ ಒಪ್ಪಂದವಾಯಿತು. ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನ ಕಡೆಗೇ ಉಳಿದವು. ಆ ಕಥೆಗೆ ಇನ್ನೊಂದು ದಿನ ಬೇಕು. ಮರುವರ್ಷ ಅಂತರ್ಯುದ್ಧದ ನಡುವೆ ಈ ಕೋರ್ಟುಗಳನ್ನು ಮುಚ್ಚಿದ್ದು ಬ್ರಿಟಿಷರಲ್ಲ, ಐರ್ಲೆಂಡಿನ ಹೊಸ ಸರ್ಕಾರವೇ. ಆದರೆ ಕೊಟ್ಟಿಗೆಯಲ್ಲಿ ಕೂತು ಕೊಟ್ಟ ತೀರ್ಪು, ಬಾಕಿ ಉಳಿದ ವ್ಯಾಜ್ಯ, ಇವನ್ನೆಲ್ಲ ಕಸದ ಬುಟ್ಟಿಗೆ ಹಾಕಲು ಅದಕ್ಕೆ ಆಗಲಿಲ್ಲ. ಇತ್ಯರ್ಥಕ್ಕೆಂದು 1923ರಲ್ಲಿ ಒಂದು ಆಯೋಗವನ್ನೇ ಕೂರಿಸಬೇಕಾಯಿತು.

ನಮಸ್ಕಾರ.